ಮೂವತ್ತಮೂರು ಪುಟಗಳ ಪತ್ರ

ಇತಿಹಾಸವನ್ನು ಬೋಧಿಸುವ ಕೆಲಸಕ್ಕೆ ಬರುವುದಕ್ಕೆ ಮೊದಲು ಎರಡು ವರ್ಷ ನಾನು ತುಂಗಭದ್ರೆಯ ದಡದ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದೆ. 1974ರ ಮಾತು. ಆ ವರ್ಷ ಒಂದನೆಯ ತರಗತಿಗೆ ಅಕ್ಕಿ ಗಿರಣಿಯ ಹಮಾಲನೊಬ್ಬನ ಮಗ ಬಂದು ಸೇರಿದ. ಹೆಸರು ಹಿಡಿದು ಕರೆದರೆ ಆ ಹುಡುಗ ತಿರುಗಿ ನೋಡುತ್ತಿರಲಿಲ್ಲ. ಕಿವಿ ಕೇಳಿಸದೇನೋ ಎಂದುಕೊಂಡರೆ, ಗಂಟೆ ಬಾರಿಸಲು ಜವಾನ ಕೈ ಎತ್ತುವಷ್ಟರಲ್ಲಿಯೇ ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಬಳಪದ ಚೂರುಗಳನ್ನು ಆಯ್ದು ತಂದು, ಗಿಡ್ಡದರಿಂದ ಉದ್ದದವರೆಗೆ ಸಾಲಾಗಿ ಜೋಡಿಸುವುದು ಅವನ ಇಡೀ ದಿನದ ಉದ್ಯೋಗ. ಯಾರಾದರೂ ಆ ಸಾಲನ್ನು ಕದಲಿಸಿದರೆ ಶಾಲೆಯೆಲ್ಲ ಬೆಚ್ಚಿ ಬೀಳುವಂತೆ ಕಿರುಚುತ್ತಿದ್ದ. ಆರೇಳು ವಾರಗಳಾದ ಮೇಲೆ ಅವನು ಬರುವುದು ನಿಂತಿತು. ನಾನು ಕೆಲವು ದಿನ ಕಾದೆ. ಬಳಿಕ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ 'ದೀರ್ಘ ಗೈರುಹಾಜರಿ' ಎಂದು ಬರೆದೆ. ಅವನ ಮನೆ ಶಾಲೆಯಿಂದ ಎರಡು ಫರ್ಲಾಂಗು ದೂರವಿತ್ತು. ನಾನು ಹೋಗಿ ನೋಡಲಿಲ್ಲ.

ಅದೇ ಊರಿನ ವಕೀಲರೊಬ್ಬರ ಮನೆಯಲ್ಲಿಯೂ ಹೆಚ್ಚುಕಡಮೆ ಅದೇ ವಯಸ್ಸಿನ, ಅದೇ ಬಗೆಯ ನಡವಳಿಕೆಯ ಮಗುವೊಂದಿತ್ತು. ಅದರ ತಾಯಿ ಪದವೀಧರೆ. ಆಕೆ ಮಗನನ್ನು ಮೂರು ಬಾರಿ ಬೆಂಗಳೂರಿಗೆ ಕರೆದೊಯ್ದರು; ಮೂರನೆಯ ಬಾರಿ ಮರಳಿ ಬಂದಾಗ ಮಗನ ಸ್ಥಿತಿಗೆ ಒಂದು ಹೆಸರು ದೊರೆತಿತ್ತು. 'ಆಟಿಸಂ' ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಆ ಮನೆಯ ಜಗಲಿಯಲ್ಲಿ. ಸುದ್ದಿ ಊರಿನಲ್ಲಿ ಹರಡಿದಾಗ ನಮ್ಮ ಮುಖ್ಯೋಪಾಧ್ಯಾಯರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಅದೆಲ್ಲ ಓದಿದವರ ಮನೆಯ ಕಾಯಿಲೆ ಕಣ್ರೀ" ಎಂದರು. ನಾವೆಲ್ಲ ನಕ್ಕೆವು. ಹಮಾಲನ ಮಗನಿಗೆ ಇದ್ದದ್ದು ಅದೇ ಎಂದು ಇಂದು ಹೇಳಲು ನಾನು ವೈದ್ಯನಲ್ಲ. ಆದರೆ ಆ ಹೊತ್ತಿನಲ್ಲಿ ಎರಡು ಮಕ್ಕಳನ್ನೂ ಜೊತೆಗಿಟ್ಟು ನೋಡಬೇಕೆಂಬುದು ನನಗಾಗಲಿ, ನಕ್ಕ ಇತರರಿಗಾಗಲಿ ಹೊಳೆಯಲೇ ಇಲ್ಲ ಎಂಬುದನ್ನು ಹೇಳಬಲ್ಲೆ.

ನಮ್ಮ ಮುಖ್ಯೋಪಾಧ್ಯಾಯರು ಅಡಿಕೆ ಜಗಿಯುತ್ತ ಆಡಿದ ಮಾತನ್ನು ಪಾಶ್ಚಾತ್ಯ ವೈದ್ಯಶಾಸ್ತ್ರವೂ ಮೂರು ದಶಕಗಳಿಗೂ ಮಿಕ್ಕಿ ಗಂಭೀರವಾಗಿಯೇ ಹೇಳುತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಕಾಲದಲ್ಲಿ ಆಟಿಸಂ ಮಕ್ಕಳ ಮನೋರೋಗಗಳ ಪಟ್ಟಿಯಲ್ಲಿತ್ತು. ಇಂದು ಅದನ್ನು ಬೆಳವಣಿಗೆಯಲ್ಲಿನ ಒಂದು ಭಿನ್ನತೆ ಎನ್ನುತ್ತಾರೆ, ಕನ್ನಡದಲ್ಲಿ ಕೆಲವರು ಸ್ವಲೀನತೆ ಎಂದು ಕರೆಯುತ್ತಾರೆ. ನನ್ನ ಆಸಕ್ತಿ ರೋಗದಲ್ಲಿ ಅಲ್ಲ, ದಾಖಲೆಯಲ್ಲಿ. ಒಂದು ಮಗುವಿನ ಕಷ್ಟ ಯಾರ ಕಣ್ಣಿಗೆ ಬಿತ್ತು, ಯಾರು ಅದನ್ನು ಬರೆದರು, ಬರೆದದ್ದನ್ನು ಯಾರು ನಂಬಿದರು ಎಂಬುದರಲ್ಲಿ.

ಕಥೆ ಆರಂಭವಾಗುವುದು ಒಂದು ಪತ್ರದಿಂದ. 1938ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ತಮ್ಮ ಐದು ವರ್ಷದ ಮಗ ಡೊನಾಲ್ಡ್ ಟ್ರಿಪ್ಲೆಟ್‌ನ ಬಗ್ಗೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಡಾಕ್ಟರೊಬ್ಬರಿಗೆ ಬೆರಳಚ್ಚು ಮಾಡಿಸಿದ 33 ಪುಟಗಳ ಪತ್ರವನ್ನು ಕಳುಹಿಸಿದರು. ಮಗು ಒಂದು ವರ್ಷದವನಿದ್ದಾಗಲೇ ರಾಗಗಳನ್ನು ತಪ್ಪಿಲ್ಲದೆ ಗುನುಗುತ್ತಿದ್ದುದು, ಧಾರ್ಮಿಕ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದ್ದುದು, ಒಂಟಿಯಾಗಿದ್ದಾಗಲೇ ಅತ್ಯಂತ ಸುಖಿಯಾಗಿ ಕಾಣುತ್ತಿದ್ದುದು, ತಾಯಿ ಬಂದರೂ ಹೋದರೂ ಗಮನಿಸದಿದ್ದುದು, ದುಂಡಗಿನ ವಸ್ತು ಏನು ಸಿಕ್ಕಿದರೂ ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತಿದ್ದುದು ಎಲ್ಲವೂ ಅದರಲ್ಲಿತ್ತು. ಆ ಡಾಕ್ಟರರ ಹೆಸರು ಲಿಯೋ ಕ್ಯಾನರ್. ಅಂದಿನ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದಲ್ಲಿ 1894ರಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ವಲಸೆ ಹೋದವರು. 1930ರಲ್ಲಿ ಹಾಪ್‌ಕಿನ್ಸಿನಲ್ಲಿ ಮಕ್ಕಳ ಮನೋವೈದ್ಯ ವಿಭಾಗವನ್ನು ತೆರೆದವರು. ಪತ್ರವನ್ನು ಓದಿ ಅವರು ಬೆರಗಾದರು. ಆ ಅಕ್ಟೋಬರಿನಲ್ಲಿ ತಂದೆತಾಯಿ ಮಗನೊಡನೆ ಬಾಲ್ಟಿಮೋರಿಗೆ ಬಂದರು.

ಈ ಪತ್ರದ ಹಿಂದೆ ಏನೇನು ಇದ್ದಿರಬೇಕು ಎಂದು ಸ್ವಲ್ಪ ಯೋಚಿಸೋಣ. ವಕೀಲರ ಕಚೇರಿ ಬೇಕು. ಹೇಳಿದ್ದನ್ನು ಬರೆದುಕೊಂಡು ಬೆರಳಚ್ಚು ಮಾಡುವ ಸಹಾಯಕರು ಬೇಕು. ದೇಶದ ಇನ್ನೊಂದು ಮೂಲೆಯಲ್ಲಿ ಇಂಥ ವೈದ್ಯರೊಬ್ಬರಿದ್ದಾರೆಂದು ತಿಳಿದಿರಬೇಕು. ರೈಲಿನ ಖರ್ಚು, ಹೋಟೆಲಿನ ಖರ್ಚು, ಬಿಡುವು, ಇವೆಲ್ಲ ಬೇಕು. ಡೊನಾಲ್ಡ್‌ನ ತಾಯಿಯ ತಂದೆ ಆ ಊರಿನ ಬ್ಯಾಂಕಿನ ಒಡೆಯರು. ಇಷ್ಟಿದ್ದೂ ಕೂಡ, ಬಾಲ್ಟಿಮೋರಿಗೆ ಬರುವ ಮೊದಲು ವೈದ್ಯರ ಸಲಹೆಯಂತೆ ಆ ಮಗುವನ್ನು ಸುಮಾರು ಒಂದು ವರ್ಷ ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಬಿಡಲಾಗಿತ್ತು. ಬ್ಯಾಂಕಿನವರ ಮೊಮ್ಮಗನ ಗತಿಯೇ ಇದಾದರೆ, ಅದೇ ಮಿಸಿಸಿಪ್ಪಿಯಲ್ಲಿ ಹತ್ತಿ ಬಿಡಿಸುತ್ತಿದ್ದ ಕಪ್ಪು ಜನರ ಗುಡಿಸಲುಗಳಲ್ಲಿ ಇಂಥ ಮಕ್ಕಳು ಇದ್ದಿದ್ದರೆ ಅವರ ಬಗೆಗೆ ಪತ್ರ ಬರೆಯುವವರು ಯಾರು?

ಕ್ಯಾನರ್ 1943ರಲ್ಲಿ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಇದ್ದದ್ದು ಹನ್ನೊಂದು ಮಕ್ಕಳ ವೃತ್ತಾಂತ. ಎಂಟು ಗಂಡು, ಮೂರು ಹೆಣ್ಣು. ಮೊದಲನೆಯವನು ಡೊನಾಲ್ಡ್. ಮಕ್ಕಳ ವರ್ಣನೆ ಇಂದಿಗೂ ಹಳತಾಗಿಲ್ಲ. ಆದರೆ ಕೊನೆಯಲ್ಲಿ ಅವರು ತಂದೆತಾಯಿಯರ ಕಡೆ ತಿರುಗಿದರು. ಹನ್ನೊಂದು ತಂದೆಯರಲ್ಲಿ ನಾಲ್ವರು ಮನೋವೈದ್ಯರು. ಉಳಿದವರಲ್ಲಿ ವಕೀಲರು, ಅರಣ್ಯಶಾಸ್ತ್ರದ ಪ್ರೊಫೆಸರು, ಸಸ್ಯರೋಗ ತಜ್ಞರು, ಗಣಿ ಎಂಜಿನಿಯರು. ತಾಯಂದಿರಲ್ಲಿ ಒಂಬತ್ತು ಮಂದಿ ಪದವೀಧರೆಯರು, ಮಹಿಳೆಯರು ಕಾಲೇಜಿಗೆ ಹೋಗುವುದು ಅಮೆರಿಕದಲ್ಲಿಯೂ ವಿರಳವಾಗಿದ್ದ ಕಾಲದಲ್ಲಿ. ಹಲವು ಮನೆತನಗಳು ದೇಶದ ಗಣ್ಯರ ಪರಿಚಯ ಗ್ರಂಥದಲ್ಲಿ ಕಾಣಿಸಿಕೊಂಡಂಥವು. ಇದು ಬರಿಯ ಆಕಸ್ಮಿಕವಲ್ಲ ಎಂದು ಕ್ಯಾನರರಿಗೆ ತೋರಿತು. ನಿಜವಾಗಿ ಬೆಚ್ಚನೆಯ ಹೃದಯದ ತಂದೆತಾಯಿಯರು ಈ ಗುಂಪಿನಲ್ಲಿ ಬಹಳ ಕಡಮೆ ಎಂದೂ ಅವರಿಗೆ ಕಂಡಿತು.

ಇಲ್ಲಿ ಇನ್ನೊಂದು ಸಂಗತಿ ಇದೆ. ನನ್ನನ್ನು ಬಹಳ ಕಾಡಿದ್ದು ಇದೇ. ತಂದೆತಾಯಿಯರು ಬರೆದುಕೊಟ್ಟ ದಿನಚರಿಗಳು, ಸುದೀರ್ಘ ಪತ್ರಗಳು, ಮಗು ಯಾವ ತಿಂಗಳಲ್ಲಿ ಏನು ಮಾಡಿತೆಂಬ ವಿವರಗಳು ಇಲ್ಲದಿದ್ದರೆ ಕ್ಯಾನರರ ಲೇಖನವೇ ಹುಟ್ಟುತ್ತಿರಲಿಲ್ಲ. ಆದರೆ ಅದೇ ವಿವರಗಳ ಸಮೃದ್ಧಿಯನ್ನು ಅವರು ತಂದೆತಾಯಿಯರ ಗೀಳಿನ ಸ್ವಭಾವಕ್ಕೆ ಸಾಕ್ಷಿಯೆಂದು ಲೇಖನದಲ್ಲಿ ದಾಖಲಿಸಿದರು. ಮಗುವಿಗಾಗಿ ಬರೆದ ಪತ್ರ ಬರೆದವರ ಮೇಲೆಯೇ ದೋಷಾರೋಪಣೆ ಪಟ್ಟಿಯಾಯಿತು. ಬರೆಯದಿದ್ದರೆ ಮಗು ಯಾರಿಗೂ ಕಾಣುತ್ತಿರಲಿಲ್ಲ. ಬರೆದದ್ದರಿಂದ ತಾವು ತಪ್ಪಿತಸ್ಥರಾದರು.

ಕ್ಯಾನರ್ ಕಟುಕರಲ್ಲ ಎಂಬುದನ್ನೂ ಹೇಳಬೇಕು. ಬಾಲ್ಟಿಮೋರಿನ ಶ್ರೀಮಂತ ಮನೆಗಳು ಬುದ್ಧಿಮಾಂದ್ಯರ ಸಂಸ್ಥೆಯೊಂದರಿಂದ ಹೆಣ್ಣುಮಕ್ಕಳನ್ನು ನ್ಯಾಯಾಲಯದ ಮೂಲಕ ಬಿಡಿಸಿಕೊಂಡು ಹೋಗಿ ಸಂಬಳವಿಲ್ಲದ ಆಳುಗಳಾಗಿ ದುಡಿಸುತ್ತಿದ್ದುದನ್ನು 1930ರ ದಶಕದಲ್ಲಿ ಬಯಲಿಗೆಳೆದವರು ಅವರೇ. 1941ರಲ್ಲಿ ತಾಯಂದಿರ ಪಕ್ಷ ವಹಿಸಿ ಒಂದು ಪುಸ್ತಕವನ್ನೇ ಬರೆದಿದ್ದರು. 1943ರ ಲೇಖನದ ಕೊನೆಯಲ್ಲಿಯೂ ಈ ಮಕ್ಕಳ ತೊಂದರೆ ಹುಟ್ಟಿನಿಂದಲೇ ಬಂದದ್ದು ಎಂದೇ ಹೇಳಿದ್ದರು. ಆದರೆ ಕಾಲದ ಗಾಳಿ ಬೇರೆಯಾಗಿತ್ತು. ಎಲ್ಲ ಮನೋವ್ಯಥೆಗೂ ಬೇರು ಬಾಲ್ಯದಲ್ಲಿ, ಬಾಲ್ಯದ ಬೇರು ತಾಯಿಯಲ್ಲಿ ಎಂಬುದು ಅಂದಿನ ಅಮೆರಿಕದ ಮನೋವೈದ್ಯರ ಮೂಲಮಂತ್ರ. 1949ರ ವೇಳೆಗೆ ಕ್ಯಾನರರೂ ಈ ಮಕ್ಕಳು ಮಂಜು ಕರಗದ ರೆಫ್ರಿಜರೇಟರಿನೊಳಗೆ ಬೆಳೆದವರು ಎಂಬ ಉಪಮೆಯನ್ನು ಬಳಸಿದರು. ಉಪಮೆಗಳಿಗೆ ಕಾಲು ಬಹಳ ಚುರುಕು. 'ರೆಫ್ರಿಜರೇಟರ್ ತಾಯಿ' ಎಂಬ ಬಿರುದು ಹೆಚ್ಚು ಕಾಲ ತೆಗೆದುಕೊಳ್ಳದೆ ಪತ್ರಿಕೆಗಳನ್ನು ಸೇರಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು. ನಾಟ್ಸಿಗಳ ಯಾತನಾಶಿಬಿರದಲ್ಲಿ ಸ್ವತಃ ಬಂದಿಯಾಗಿದ್ದ ಅವರು, ಈ ಮಕ್ಕಳ ಮನೆಯನ್ನು ಆ ಶಿಬಿರಕ್ಕೆ ಹೋಲಿಸಿದರು. ಅದನ್ನು ಓದಿದ ತಾಯಂದಿರ ಪಾಡನ್ನು ನಾನು ವರ್ಣಿಸಬೇಕಾಗಿಲ್ಲ.

ಇದಕ್ಕೆ ಮೊದಲ ಸಮರ್ಥ ಉತ್ತರ ಬಂದದ್ದು ಒಬ್ಬ ತಂದೆಯಿಂದ. ಬರ್ನಾರ್ಡ್ ರಿಮ್ಲಾಂಡ್ ಅಮೆರಿಕದ ನೌಕಾದಳದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದವರು. ಅವರ ಮಗನಿಗೆ ಆಟಿಸಂ ಇತ್ತು. ತಾಯಿಯ ಶೀತಲತೆಯಿಂದ ಈ ಸ್ಥಿತಿ ಬರುತ್ತದೆನ್ನುವುದಕ್ಕೆ ಆಧಾರವೆಲ್ಲಿದೆ ಎಂದು ಸಿಕ್ಕಿದ್ದನ್ನೆಲ್ಲ ಓದಿ, ಎಲ್ಲೂ ಇಲ್ಲವೆಂದು 1964ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರರೇ. 1969ರಲ್ಲಿ ತಂದೆತಾಯಿಯರ ಸಭೆಯೊಂದರಲ್ಲಿ ನಿಂತು, ನಿಮ್ಮನ್ನು ದೋಷಮುಕ್ತರನ್ನಾಗಿ ಮಾಡಿದ್ದೇನೆ ಎಂಬರ್ಥದ ಮಾತನ್ನು ಆ ಮುದುಕರು ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ.

ತಾಯಂದಿರೇನೋ ಬಿಡುಗಡೆಯಾದರು. ಆದರೆ 'ಓದಿದವರ ಮನೆಯ ಕಾಯಿಲೆ' ಎಂಬ ಮಾತು ಬಿಡುಗಡೆಯಾಗಲಿಲ್ಲ. ಇಂಗ್ಲೆಂಡಿನ ಮಿಡಲ್‌ಸೆಕ್ಸ್ ಪ್ರಾಂತದಲ್ಲಿ ವಿಕ್ಟರ್ ಲಾಟರ್ ಎಂಬವರು ಸುಮಾರು 78 ಸಾವಿರ ಮಕ್ಕಳಿದ್ದ ವಯೋಗುಂಪಿನಲ್ಲಿ ಹುಡುಕಿ, ಹತ್ತು ಸಾವಿರಕ್ಕೆ ನಾಲ್ಕೂವರೆಯಂತೆ ಆಟಿಸಂ ಇದೆಯೆಂದು 1966ರಲ್ಲಿ ವರದಿ ಮಾಡಿದರು. ಅವರ ಲೆಕ್ಕದಲ್ಲಿಯೂ ಮೇಲಿನ ವರ್ಗದ ತಂದೆತಾಯಿಯರೇ ಹೆಚ್ಚಾಗಿ ಕಂಡರು. ಹೀಗಾಗಿ ಈ ಸ್ಥಿತಿಗೂ ತಂದೆತಾಯಿಯರ ಬುದ್ಧಿವಂತಿಕೆಗೂ ಏನೋ ನಂಟಿರಬೇಕೆಂಬ ನಂಬಿಕೆ ಗಟ್ಟಿಯಾಗಿಯೇ ಉಳಿಯಿತು. ಬಡವರ ಮನೆಯಲ್ಲಿ ಮಾತನಾಡದ ಮಗು ಕಂಡರೆ ವೈದ್ಯರಿಗೆ ಈ ಹೆಸರು ನೆನಪಿಗೇ ಬರುತ್ತಿರಲಿಲ್ಲ. ಬುದ್ಧಿಮಾಂದ್ಯ ಎಂಬ ಹೆಸರು ಸಿದ್ಧವಾಗಿತ್ತು. ಹೆಸರು ಕೊಡದಿದ್ದರಿಂದ ಅವರು ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಾರದಿದ್ದುದರಿಂದ ಬಡವರಲ್ಲಿ ಇದು ಇಲ್ಲವೆಂಬುದು ಸಿದ್ಧವಾಯಿತು.

ಶಾಸನಗಳನ್ನು ಓದುವವರಿಗೆ ಈ ಬಗೆಯ ತಪ್ಪು ಹೊಸದಲ್ಲ. ದಾನಶಾಸನಗಳನ್ನಷ್ಟೇ ಓದಿದವನಿಗೆ ಹೊಯ್ಸಳರ ನಾಡಿನಲ್ಲಿ ಇದ್ದವರೆಲ್ಲ ಭೂಮಿಯುಳ್ಳವರೇ ಎನಿಸಬಹುದು. ಕಲ್ಲು ಕೆತ್ತಿಸಲು ಕೈಲಾಗದವರು ಏನನ್ನೂ ಕೊಡಲಿಲ್ಲವೆಂದಾಗಲಿ, ಇರಲೇ ಇಲ್ಲವೆಂದಾಗಲಿ ಅದರ ಅರ್ಥವಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಮೊದಲ ವಾರದಲ್ಲಿಯೇ ಹೇಳಿಕೊಡುತ್ತೇವೆ. ವೈದ್ಯರಿಗೆ ಇದನ್ನು ತೋರಿಸಿಕೊಡಲು 1979ರವರೆಗೆ ಕಾಯಬೇಕಾಯಿತು.

ತೋರಿಸಿಕೊಟ್ಟವರು ಲೋರ್ನಾ ವಿಂಗ್. ಲಂಡನ್ನಿನ ಮನೋವೈದ್ಯೆ. ಅವರ ಮಗಳು ಸೂಸಿಗೆ ಆಟಿಸಂ ಇತ್ತು. 1962ರಲ್ಲಿ ಬ್ರಿಟನ್ನಿನಲ್ಲಿ ಇಂಥ ಮಕ್ಕಳ ತಂದೆತಾಯಿಯರು ಕಟ್ಟಿಕೊಂಡ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ವಿಂಗ್ ಮತ್ತು ಅವರ ಸಹೋದ್ಯೋಗಿ ಜುಡಿತ್ ಗೌಲ್ಡ್ ಆಸ್ಪತ್ರೆಗೆ ಬಂದವರನ್ನು ಎಣಿಸುತ್ತ ಕೂರಲಿಲ್ಲ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ, ಬಹುಮಟ್ಟಿಗೆ ದುಡಿಯುವ ಜನರೇ ವಾಸಿಸುತ್ತಿದ್ದ ಒಂದು ಪ್ರದೇಶವನ್ನು ಆರಿಸಿಕೊಂಡರು. ಅಲ್ಲಿ ಹದಿನೈದು ವರ್ಷದೊಳಗಿನ ಸುಮಾರು 35 ಸಾವಿರ ಮಕ್ಕಳಿದ್ದರು. ಅವರಲ್ಲಿ ಯಾವುದೇ ಕಾರಣಕ್ಕಾಗಲಿ ಆರೋಗ್ಯ, ಶಿಕ್ಷಣ ಅಥವಾ ಸಮಾಜ ಕಲ್ಯಾಣ ಇಲಾಖೆಯ ಕಡತಕ್ಕೆ ಬಂದ ಮಕ್ಕಳನ್ನೆಲ್ಲ ಜಾಲಾಡಿದರು. ಬುದ್ಧಿಮಾಂದ್ಯರೆಂದು ಬರೆದಿಟ್ಟ ಮಕ್ಕಳನ್ನು ಮತ್ತೆ ತಾವೇ ಹೋಗಿ ನೋಡಿದರು. ಕ್ಯಾನರ್ ವರ್ಣಿಸಿದಂಥ ಮಕ್ಕಳು ಹತ್ತು ಸಾವಿರಕ್ಕೆ ಸುಮಾರು ಐವರು ಸಿಕ್ಕರು. ಆ ಚೌಕಟ್ಟಿಗೆ ಪೂರ್ತಿ ಹೊಂದದಿದ್ದರೂ ಇತರರೊಡನೆ ಒಡನಾಡುವ ಶಕ್ತಿಯಲ್ಲಿ ತೀವ್ರ ಕೊರತೆಯಿದ್ದವರನ್ನು ಸೇರಿಸಿದರೆ ಸುಮಾರು ಇಪ್ಪತ್ತೊಂದು ಮಂದಿಯಾದರು.

ಮರುವರ್ಷ, ಅಂದರೆ 1980ರಲ್ಲಿ, ವಿಂಗ್ ಇನ್ನೊಂದು ಚಿಕ್ಕ ಲೇಖನವನ್ನು ಬರೆದರು. ಕ್ಯಾಂಬರ್‌ವೆಲ್ಲಿನ ಈ ಮಕ್ಕಳ ತಂದೆಯರ ಉದ್ಯೋಗಗಳನ್ನು ಅದೇ ಪ್ರದೇಶದ ಇತರ ತಂದೆಯರ ಉದ್ಯೋಗಗಳೊಡನೆ ಹೋಲಿಸಿದಾಗ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಎರಡು ಬೇರೆ ಗುಂಪುಗಳನ್ನು ತೆಗೆದುಕೊಂಡರು: ಆಟಿಸಂ ಬಗೆಗೆ ವಿಶೇಷ ಆಸಕ್ತಿಯಿದ್ದ ಚಿಕಿತ್ಸಾಲಯಕ್ಕೆ ಬಂದವರು, ತಂದೆತಾಯಿಯರ ಸಂಘಕ್ಕೆ ಸದಸ್ಯರಾದವರು. ಎರಡರಲ್ಲಿಯೂ ಮೇಲಿನ ವರ್ಗದವರೇ ಹೆಚ್ಚು. ಸಂಘದಲ್ಲಿಯಂತೂ ಮೊದಮೊದಲು ಸೇರಿದವರು ಇನ್ನೂ ಮೇಲಿನವರು. ಹೆಸರು ಜನಜನಿತವಾದಂತೆ ಸೇರಿದವರಲ್ಲಿ ಸಾಮಾನ್ಯರ ಪ್ರಮಾಣ ಏರಿತ್ತು. ವರ್ಗಭೇದ ಇದ್ದದ್ದು ಮಕ್ಕಳಲ್ಲಿ ಅಲ್ಲ, ಬಾಗಿಲಿನವರೆಗೆ ನಡೆದುಬಂದ ದಾರಿಯಲ್ಲಿ. ಹೀಗೆ ತೋರಿಸಿದ ವಿಂಗ್ ತಾವೇ ಆ ಮೊದಮೊದಲಿನ, ಓದಿದ ಸದಸ್ಯರ ಪೈಕಿ ಒಬ್ಬರಾಗಿದ್ದರು. ತನ್ನಂಥವರ ಪಟ್ಟಿಯನ್ನೇ ಅನುಮಾನದಿಂದ ನೋಡುವ ಧೈರ್ಯ ವಿದ್ವಾಂಸರಲ್ಲಿ ಅಪರೂಪ.

ಉಪಾಧ್ಯಾಯರ ಕಣ್ಣಿನ ಬಗೆಗೂ ಒಂದು ಮಾತು. ಮೈಕೇಲ್ ರಟರ್ ಮತ್ತು ಸಂಗಡಿಗರು ಇಂಗ್ಲೆಂಡಿನ ತೆಂಕಣ ಕರಾವಳಿಯ ಐಲ್ ಆಫ್ ವೈಟ್ ದ್ವೀಪದಲ್ಲಿ 1964-65ರಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳೆಲ್ಲರ ಸಮೀಕ್ಷೆ ನಡೆಸಿದರು. ತಂದೆತಾಯಿಯರಿಗೊಂದು, ಉಪಾಧ್ಯಾಯರಿಗೊಂದು ಪ್ರಶ್ನಾವಳಿ. ತೊಂದರೆಯಿರುವ ಮಕ್ಕಳೆಂದು ಇಬ್ಬರೂ ಪಟ್ಟಿ ಕೊಟ್ಟರು. ಎರಡೂ ಪಟ್ಟಿಗಳಲ್ಲಿ ಇದ್ದ ಹೆಸರುಗಳು ಕೆಲವೇ ಕೆಲವು. ಮನೆ ಕಂಡ ಮಗು ಬೇರೆ, ಶಾಲೆ ಕಂಡ ಮಗು ಬೇರೆ. ನಿಜವಾಗಿ ತೊಂದರೆಯಿದ್ದವರಲ್ಲಿ ಹತ್ತರಲ್ಲಿ ಒಬ್ಬರಷ್ಟು ಮಾತ್ರ ವೈದ್ಯರನ್ನು ತಲುಪಿದ್ದರು. ತರಗತಿಯನ್ನು ಕೆಡಿಸುವ ಹುಡುಗ ನಮ್ಮಂಥವರ ಕಣ್ಣಿಗೆ ಬೇಗ ಬೀಳುತ್ತಾನೆ. ಮೂಲೆಯಲ್ಲಿ ಮೌನವಾಗಿ ಕುಳಿತ ಹುಡುಗಿಯನ್ನು ನಾವು ಒಳ್ಳೆಯ ಹುಡುಗಿ ಎನ್ನುತ್ತೇವೆ.

ವಿಂಗ್ ತೋರಿಸಿದ ಮೇಲೆ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಡವರ ಸರಕಾರಿ ವೈದ್ಯ ವಿಮೆಯ ಕಡತಗಳನ್ನು ಪರಿಶೀಲಿಸಿದ ಡೇವಿಡ್ ಮ್ಯಾಂಡೆಲ್ ಮತ್ತು ಸಂಗಡಿಗರು 2002ರಲ್ಲಿ ವರದಿ ಮಾಡಿದಂತೆ, ಬಿಳಿಯ ಮಕ್ಕಳಿಗೆ ಆಟಿಸಂ ಎಂಬ ಹೆಸರು ದೊರೆಯುವಾಗ ಸರಾಸರಿ ವಯಸ್ಸು 6.3 ವರ್ಷ, ಕಪ್ಪು ಮಕ್ಕಳಿಗೆ 7.9 ವರ್ಷ. ದಕ್ಷಿಣ ಕೊರಿಯದಲ್ಲಿ ಭಯ ಬೇರೆ ಬಗೆಯದು. ಆಟಿಸಂ ಎಂದರೆ ವಂಶಕ್ಕೆ ಕಳಂಕ, ಮನೆಯ ಇತರ ಮಕ್ಕಳ ಮದುವೆಗೆ ಅಡ್ಡಿ ಎಂದು ಹೆದರಿ, ತಾಯಿಯ ಅಕ್ಕರೆ ಸಾಲದೆ ಬಂದ ತೊಂದರೆ ಎಂಬ ಬೇರೊಂದು ಹೆಸರನ್ನೇ ಅಲ್ಲಿನ ಹಲವು ಕುಟುಂಬಗಳು ಬಯಸುತ್ತಿದ್ದುದನ್ನು ಮಾನವಶಾಸ್ತ್ರಜ್ಞ ರಾಯ್ ರಿಚರ್ಡ್ ಗ್ರಿಂಕರ್ ಬರೆದಿದ್ದಾರೆ. ಅಮೆರಿಕದ ತಾಯಂದಿರು ಯಾವ ಆರೋಪದಿಂದ ಪಾರಾಗಲು ಹೆಣಗಿದರೋ, ಅದನ್ನು ಕೊರಿಯದ ತಾಯಂದಿರು ಮನೆತನವನ್ನು ಉಳಿಸಲು ತಾವೇ ತಲೆಯ ಮೇಲೆ ಹೊತ್ತುಕೊಂಡರು. ಗ್ರಿಂಕರರೂ ಸೇರಿದ್ದ ತಂಡವೊಂದು ಆ ದೇಶದ ಗೋಯಾಂಗ್ ನಗರದ ಶಾಲಾ ಮಕ್ಕಳಲ್ಲಿ ಹುಡುಕಿ, 2011ರಲ್ಲಿ ಪ್ರಮಾಣ ನೂರಕ್ಕೆ 2.64 ಎಂದು ಹೇಳಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಸಾಮಾನ್ಯ ಶಾಲೆಗಳಲ್ಲಿ ಯಾರ ಗಮನಕ್ಕೂ ಬಾರದೆ ಕುಳಿತಿದ್ದರು.

ಮದುವೆಯ ಭಯ ನಮಗೇನು ಹೊಸದೇ? ನಮ್ಮಲ್ಲಿ ಅದಕ್ಕೆ ಜೊತೆಯಾಗಿ ಒಂದು ಸಮಾಧಾನದ ಮಾತೂ ಇದೆ: "ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ." ಅಜ್ಜಿಯ ಪ್ರೀತಿಯಿಂದ ಹೊರಟ ಈ ಮಾತು ಎಷ್ಟು ಮಕ್ಕಳ ಎಷ್ಟು ವರ್ಷಗಳನ್ನು ನುಂಗಿದೆಯೋ! ಕಾನೂನಿನ ಕಣ್ಣೂ ತಡವಾಗಿಯೇ ತೆರೆಯಿತು. ಅಂಗವಿಕಲರಿಗಾಗಿ ನಮ್ಮ ಸಂಸತ್ತು 1995ರಲ್ಲಿ ಮಾಡಿದ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದರ ಹೆಸರು ಬಂತು. ಹಕ್ಕುಗಳ ಕಾಯಿದೆಗೆ ಸೇರಿದ್ದು 2016ರಲ್ಲಿ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದನ್ನು ನಾನು ನಿವೃತ್ತನಾದ ಮೇಲೆ ಓದಿದೆ. ನಗರದ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ ಈ ಮೂರೂ ಕಡೆಗಳ ಹದಿನಾರು ವರ್ಷದವರೆಗಿನ 2064 ಮಕ್ಕಳನ್ನು ಮನೆಮನೆಗೆ ಹೋಗಿ ನೋಡಿದ್ದರು. ಆಟಿಸಂ ಒಂದೇ ಅಲ್ಲ, ಎಲ್ಲ ಬಗೆಯ ಮಾನಸಿಕ ತೊಂದರೆಗಳೂ ಸೇರಿ ನೂರಕ್ಕೆ 12.5 ಮಕ್ಕಳಲ್ಲಿ ಏನಾದರೊಂದು ಕಂಡಿತ್ತು. ಮೂರು ಕಡೆಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಆದರೆ ತಮ್ಮ ಮಗುವಿಗೆ ತೊಂದರೆಯೊಂದಿದೆ ಎಂದು ತಿಳಿದಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ. ಆ ವರದಿಯನ್ನು ಕೆಳಗಿಟ್ಟಾಗ ನನಗೆ ನೆನಪಾದದ್ದು ಆ ಎರಡು ಫರ್ಲಾಂಗು. ಅಕ್ಕಿ ಗಿರಣಿ ಈಗ ಇಲ್ಲ. ಹಮಾಲರ ಕೇರಿಯಲ್ಲಿ ಈಗ ಇರುವವರಿಗೆ ಆ ಮನೆಯವರ ನೆನಪಿಲ್ಲ. ನಾನು ಹೋಗಿ ಕೇಳಿದೆ, ನಾಲ್ವತ್ತು ವರ್ಷ ತಡವಾಗಿ. ಅವನಿಗೆ ಸಂಬಂಧಿಸಿ ಎಲ್ಲಿಯಾದರೂ ಏನಾದರೂ ಬರಹ ಇದ್ದರೆ ಅದು ನಾನು ಬರೆದ ಆ ಎರಡು ಶಬ್ದಗಳು.

ಮೂವತ್ತಮೂರು ಪುಟಗಳ ಪತ್ರದ ಹುಡುಗ ಏನಾದ ಎಂದು ನೀವು ಕೇಳಬಹುದು. ಅವನ ಬದುಕು ಚೆನ್ನಾಗಿಯೇ ನಡೆಯಿತು. ಕಾಲೇಜು ಓದಿ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಪ್ರಪಂಚವನ್ನು ಸುತ್ತಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ತೀರಿಕೊಂಡರು. ಆ ಹನ್ನೊಂದು ಮಂದಿಯ ಪೈಕಿ ಸರಕಾರಿ ಆಸ್ಪತ್ರೆಗಳನ್ನು ಸೇರಿದ ಮಕ್ಕಳು ಇದ್ದಷ್ಟು ಬೆಳಕನ್ನೂ ಕಳೆದುಕೊಂಡರೆಂದು ಕ್ಯಾನರ್ 1971ರಲ್ಲಿ ಬರೆದಿದ್ದಾರೆ. ಅದೇ ಲೇಖನದಲ್ಲಿ ಒಬ್ಬ ರೈತ ಮತ್ತು ಅವನ ಹೆಂಡತಿಯ ಮಾತು ಬರುತ್ತದೆ. ಡೊನಾಲ್ಡ್‌ನನ್ನು ಒಂಬತ್ತನೆಯ ವಯಸ್ಸಿನ ಸುಮಾರಿಗೆ ಅವರ ಹೊಲದಮನೆಯಲ್ಲಿ ಇರಿಸಲಾಗಿತ್ತು. ಕ್ಯಾನರ್ 1945ರಲ್ಲಿ ಅಲ್ಲಿಗೆ ಹೋದರು. ಹುಡುಗನಿಗೆ ಕಂಡದ್ದನ್ನೆಲ್ಲ ಅಳೆಯುವ ಹುಚ್ಚು. ರೈತ ಅವನಿಂದ ಬಾವಿ ತೋಡಿಸಿ ಅದರ ಆಳ ಅಳೆದು ಹೇಳುವ ಕೆಲಸ ಕೊಟ್ಟಿದ್ದ. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಕೂಡಿಡುವ ಹುಚ್ಚು. ಅವುಗಳಿಗೊಂದು ಸ್ಮಶಾನ ಮಾಡಿಕೊಳ್ಳಲು ಜಾಗ ಕೊಟ್ಟಿದ್ದ. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುವ ಹುಚ್ಚು. ಉಳುತ್ತ ಎಣಿಸು ಎಂದು ನೇಗಿಲು ಕೊಟ್ಟಿದ್ದ. ಬಾಲ್ಟಿಮೋರಿನಿಂದ ಬಂದ ಡಾಕ್ಟರು ನೋಡುತ್ತ ನಿಂತಿದ್ದಂತೆ ಹುಡುಗ ಕುದುರೆಯನ್ನು ತಾನೇ ತಿರುಗಿಸಿಕೊಂಡು ಉದ್ದನೆಯ ಆರು ಸಾಲುಗಳನ್ನು ಉತ್ತು ಮುಗಿಸಿದನಂತೆ.